ಸೀಟಕ್ಕ ಕಲಿಸಿದ ಕುಸ್ತಿ

ನಮ್ಮ ಬೀದಿಯಲ್ಲಿ ಅವರನ್ನು ನಿಜವಾದ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಕಾಗದ ತರುವ ಅಂಚೆಯವನೂ ಬಾಗಿಲಲ್ಲಿ ನಿಂತು ‘ಸೀಟಕ್ಕಾ’ ಎಂದೇ ಕೂಗುತ್ತಿದ್ದ. ಕಾರಿನ ಸೀಟು, ಬಸ್ಸಿನ ಸೀಟು, ಕ್ಷೌರದಂಗಡಿಯ ಕುರ್ಚಿ, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಒಟ್ಟಿನಲ್ಲಿ ಮನುಷ್ಯ ಕೂರುವಂಥದ್ದು ಯಾವುದು ಹರಿದರೂ ಅದು ಅವರ ಶೆಡ್ಡಿಗೆ ಬರುತ್ತಿತ್ತು. ನನ್ನದು ಪಕ್ಕದ ಜೆರಾಕ್ಸ್ ಅಂಗಡಿ. ನಡುವೆ ಒಂದೇ ಗೋಡೆ. ಅವರು ಆ ಕಡೆ ಮೊಳೆ ಹೊಡೆದರೆ ಈ ಕಡೆ ನನ್ನ ಗೋಡೆ ಗಡಿಯಾರ ಅಲುಗಾಡುತ್ತಿತ್ತು. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಕಾಲು ಭಾಗ ಗೋಡೆಯಾಚೆಯಿಂದ ಕೇಳಿದ್ದು, ಮಿಕ್ಕಿದ್ದು ಅವರೇ ಟೀ ಕುಡಿಯುತ್ತ ಹೇಳಿದ್ದು.

ಕೆಲಸವನ್ನು ಅವರು ತಂದೆಯಿಂದ ಕಲಿತಿದ್ದರು. ರೆಕ್ಸಿನ್ ಎಳೆದು ಹಿಡಿದು, ಬಾಗಿದ ದಬ್ಬಣದಲ್ಲಿ ಹೊಲಿದು ಹೊಲಿದು ಅವರ ಬೆರಳುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಕೈ ಕುಲುಕಿದವರು ಆಮೇಲೆ ಒಮ್ಮೆ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂತ ತಕ್ಷಣ ಒಂದು ಸಲ ಮೇಲೆ ಕೆಳಗೆ ಆಡಿ, ಒಳಗೆ ಸ್ಪಂಜು ಸತ್ತಿದೆ ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು. ಮನೆಯವರಿಗೆ ಬೇಜಾರಾದೀತು ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಮನೆಯಲ್ಲಿರುತ್ತಿದ್ದರು. ಅಕ್ಕನ ಗಂಡ ಭಾವ ತಾನೇ? ಬೀದಿಗೆಲ್ಲ ಅವರು ಲಾರಿ ಭಾವ. ಇಬ್ಬರಿಗೂ ಒಬ್ಬಳೇ ಮಗಳು. ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬಂದು, ರಿಪೇರಿಗೆ ಬಂದ ಯಾವುದಾದರೊಂದು ಸೀಟಿನ ಮೇಲೆ ಕಾಲು ಮಡಿಸಿ ಕೂತು ಹೋಂವರ್ಕ್ ಮಾಡುವುದು ಅವಳ ರೂಢಿ.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕುಸ್ತಿಮನೆಯ ಮ್ಯಾಟ್ ಹರಿಯಿತು. ಎಲ್ಲ ಶುರುವಾದದ್ದು ಅಲ್ಲಿಂದ.

ನಮ್ಮಿಂದ ಎರಡು ಬೀದಿ ಆಚೆ, ಹಳೆಯ ಗೋದಾಮಿನಲ್ಲಿ ಮಕ್ಕಳ ಕುಸ್ತಿ ಕ್ಲಬ್ಬು ನಡೆಯುತ್ತಿತ್ತು. ಎತ್ತರದಲ್ಲಿ ಕಿಟಕಿಗಳು, ಬೆವರು ಮತ್ತು ಫಿನಾಯಿಲ್ ಬೆರೆತ ವಾಸನೆ, ಗೋಡೆಯುದ್ದಕ್ಕೂ ಒಂದು ಬೆಂಚು. ನಡೆಸುತ್ತಿದ್ದವರು ಬಿಳಿ ಮೀಸೆಯ ಹಿರಿಯರೊಬ್ಬರು. ಮಕ್ಕಳು ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮ್ಯಾಟಿನ ಮೇಲ್ಹೊದಿಕೆ ನಟ್ಟನಡುವೆ ಒಂದು ಮಾರುದ್ದ ಸೀಳಿತ್ತು. ಅಷ್ಟು ದೊಡ್ಡದನ್ನು ಸುತ್ತಿ ಶೆಡ್ಡಿಗೆ ತರುವುದು ಆಗದ ಮಾತು. ಆದ್ದರಿಂದ ಸೀಟಕ್ಕನೇ ದಬ್ಬಣ, ಕತ್ತರಿ, ಮೇಣ ಹಚ್ಚಿದ ದಾರದ ಉಂಡೆ ತೆಗೆದುಕೊಂಡು ಅಲ್ಲಿಗೆ ಹೋದರು. ನಾಲ್ಕು ಸಂಜೆಯ ಕೆಲಸ. ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಮ್ಯಾಟಿನ ಒಂದರ್ಧದಲ್ಲಿ ಇವರು ಮಂಡಿಯೂರಿ ಹೊಲಿಯುತ್ತಿದ್ದರೆ, ಇನ್ನೊಂದರ್ಧದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೆಡವುತ್ತಿದ್ದರು.

ಮೂರನೆಯ ಸಂಜೆ ಸೀಟಕ್ಕ ತಲೆಯೆತ್ತಿ ನೋಡಿದರೆ ಬೆಂಚಿನ ಮೇಲೆ ಪುಸ್ತಕ ಮಾತ್ರ ಇತ್ತು. ಮಗಳು, ತನಗಿಂತ ಒಂದು ಗೇಣು ಎತ್ತರದ ಹುಡುಗನ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು. ಹುಡುಗ ಕಾಲು ಒದರಿದ, ಒಂಟಿಗಾಲಲ್ಲಿ ಕುಪ್ಪಳಿಸಿದ, ಕೊನೆಗೆ ಉಸ್ತಾದರತ್ತ ನೋಡಿ ಅಳುಮೋರೆ ಮಾಡಿದ. ಇವಳು ಬಿಡಲಿಲ್ಲ. ಅವನು ದೊಪ್ಪನೆ ಕುಳಿತ ಮೇಲೂ ಬಿಡಲಿಲ್ಲ. ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕು, ಇದ್ಯಾವ ಜಿಗಣೆಯನ್ನು ತಂದು ಬಿಟ್ಟೆಯಮ್ಮ ಎಂದು ಕೇಳಿದರು. ಅವತ್ತಿನಿಂದ ಅವಳು ಜಿಗಣೆ. ಅವಳೂ ಅದನ್ನು ಬಿರುದಿನಂತೆ ಹೊತ್ತು ತಿರುಗಿದಳು. ಶಾಲೆಯ ಪುಸ್ತಕಗಳ ರಟ್ಟಿನ ಮೇಲೂ ಹಾಗೇ ಬರೆದುಕೊಂಡು ಬೈಸಿಕೊಂಡಳು.

ಮಗಳನ್ನು ಸೇರಿಸುವುದೋ ಬೇಡವೋ ಎಂದು ಸೀಟಕ್ಕ ಒಂದು ವಾರ ತೂಗಿ ನೋಡಿದರು. ಕತ್ತು ಉಳುಕಿದರೆ, ಕೈ ಮುರಿದರೆ ಎಂಬ ಹೆದರಿಕೆ. ಅವಳು ಹೇಗೂ ಶೆಡ್ಡಿನ ಸ್ಪಂಜಿನ ರಾಶಿಯ ಮೇಲೆ ದಿನಾ ಧುಮುಕುತ್ತಾಳೆ, ಅಲ್ಲಾದರೆ ನೋಡಿಕೊಳ್ಳಲು ಒಬ್ಬರಿದ್ದಾರೆ ಎಂದು ಲಾರಿ ಭಾವ ಫೋನಿನಲ್ಲಿ ಹೇಳಿದ ಮೇಲೆ ಒಪ್ಪಿದರು. ಅದೇ ತಿಂಗಳು ಮೂಲೆಯ ಬೇಕರಿಯವರ ಮಗಳೂ ಸೇರಿದಳು. ಬೇಕರಿಯ ಗಂಡ ಹೆಂಡತಿ ಇಬ್ಬರೂ ಸಂಜೆ ಹೊತ್ತು ಒಲೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಹಾಗಾಗಿ ಆ ಹುಡುಗಿಯನ್ನು ಕರೆದೊಯ್ಯುವುದು, ವಾಪಸು ಬಿಡುವುದು ಎರಡೂ ಸೀಟಕ್ಕನ ಪಾಲಿಗೆ ಬಂತು. ಹುಡುಗಿಯರಿಬ್ಬರದೂ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ತೂಕ. ಎರಡು ವರ್ಷ ಒಬ್ಬಳನ್ನೊಬ್ಬಳು ಕೆಡವಿಕೊಂಡೇ ಬೆಳೆದರು. ಸೀಟಕ್ಕ ಬೆಂಚಿನ ಮೇಲೆ ಕೂತು, ಸೀಟಿನ ಕವರಿಗೆ ಗುಂಡಿ ಹಾಕುತ್ತ ನೋಡುತ್ತಿದ್ದರು.

ಜಿಗಣೆಗೆ ಹನ್ನೊಂದು ತುಂಬಿದ ವರ್ಷ ಉಸ್ತಾದರ ಸೊಂಟದ ಕೀಲು ಕೈಕೊಟ್ಟಿತು. ಆಪರೇಷನ್ ಆಗಬೇಕು, ಆಮೇಲೂ ತಿಂಗಳುಗಟ್ಟಲೆ ಮನೆಯಲ್ಲೇ ಇರಬೇಕು ಎಂದರು ಡಾಕ್ಟರು. ಕ್ಲಬ್ಬಿಗೆ ಬೇರೆ ಗತಿ ಇರಲಿಲ್ಲ. ಒಂದು ಮಧ್ಯಾಹ್ನ ಉಸ್ತಾದರು ಕೋಲೂರಿಕೊಂಡು ಶೆಡ್ಡಿಗೆ ಬಂದರು, ಯಾವುದೋ ವ್ಯಾನಿನ ಸೀಟಿನ ಮೇಲೆ ಕೂತರು, ಕುಸ್ತಿಮನೆಯ ಬೀಗದ ಕೈಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟರು. ಆ ಮಾತುಕತೆ ನನಗೆ ಗೋಡೆಯಾಚೆಯಿಂದ ಪೂರ್ತಿ ಕೇಳಿಸಿತು.

‘ನಂಗೆ ಕುಸ್ತಿ ಬರಲ್ಲ ಉಸ್ತಾದ್,’ ಎಂದರು ಸೀಟಕ್ಕ.

‘ಬರೋರೆಲ್ಲ ಊರು ಬಿಟ್ಟು ಹೋಗಿದಾರೆ. ನೀನು ಎರಡು ವರ್ಷದಿಂದ ಕೂತು ನೋಡಿದೀಯ. ಬಾಗಿಲು ತೆಗಿ, ಮ್ಯಾಟ್ ಒರೆಸು, ಯಾರೂ ಕತ್ತು ಮುರ್ಕೊಳ್ಳದ ಹಾಗೆ ನೋಡ್ಕೋ. ಮಿಕ್ಕಿದ್ದು ಭಾನುವಾರ ನಮ್ಮನೆಗೆ ಬಾ, ಹೇಳ್ಕೊಡ್ತೀನಿ.’

‘ಮಕ್ಕಳು ನನ್ನ ಮಾತು ಕೇಳ್ತಾರಾ?’

‘ಮಾತು ಕೇಳದಿದ್ರೆ ಕೈ ತೋರಿಸು,’ ಎಂದರು ಉಸ್ತಾದರು.

ಭಾನುವಾರದ ಪಾಠ ಹೀಗೆ ನಡೆಯುತ್ತಿತ್ತು: ಉಸ್ತಾದರು ದಿಂಬಿಗೆ ಒರಗಿ, ತಮ್ಮ ಎರಡು ಅಂಗೈಗಳನ್ನೇ ಇಬ್ಬರು ಪೈಲ್ವಾನರನ್ನಾಗಿ ಮಾಡಿ ಒಂದನ್ನೊಂದು ಹೇಗೆ ಕೆಡವುತ್ತದೆ ಎಂದು ತೋರಿಸುವರು; ಸೀಟಕ್ಕ ತಮ್ಮ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವರು. ಆ ಪುಟಗಳನ್ನು ನಾನೇ ಜೆರಾಕ್ಸ್ ಮಾಡಿಕೊಟ್ಟಿದ್ದೇನೆ. ‘ಹಿಂದಿನ ಸೀಟು, ಅಗಲ ನಾಲ್ಕೂವರೆ ಅಡಿ, ಕಂದು ಬಣ್ಣ’ ಎಂದಿದ್ದರೆ ಅದರ ಕೆಳಗೇ ‘ಕಾಲು ಹಿಡಿದ ಮೇಲೆ ತಲೆ ತಗ್ಗಿಸಬಾರದು, ಪಕ್ಕೆಗೆ ಒತ್ತಬೇಕು’ ಎಂದಿರುತ್ತಿತ್ತು. ಬರೆದುಕೊಂಡದ್ದನ್ನು ಮಾಡಿ ನೋಡಲು ಯಾರಾದರೂ ಬೇಕಲ್ಲ? ಹಳೆಯ ಸ್ಪಂಜು ತುಂಬಿ ರೆಕ್ಸಿನ್ನಿನ ಮನುಷ್ಯನೊಬ್ಬನನ್ನೇ ಹೊಲಿದುಕೊಂಡರು. ಐದಡಿ ಎತ್ತರ, ಒಂದು ಕೈ ಕಪ್ಪು, ಒಂದು ಕೈ ಮೆರೂನ್, ಮುಖವೇ ಇಲ್ಲ. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವನನ್ನು ಎತ್ತಿ ಹಾಕುವ ಸದ್ದಿಗೆ ನನ್ನ ಗೋಡೆಯ ಸುಣ್ಣ ಉದುರುತ್ತಿತ್ತು. ಒಮ್ಮೆ ಬ್ಯಾಂಕಿನ ಮ್ಯಾನೇಜರು ತಮ್ಮ ಕಾರಿನ ಸೀಟು ಆಯಿತಾ ಎಂದು ಕೇಳಲು ಬಂದವರು, ಸೀಟಕ್ಕ ನೆಲದ ಮೇಲೆ ಯಾರನ್ನೋ ಅದುಮಿಕೊಂಡು ಕೂತಿರುವುದನ್ನು ಬಾಗಿಲಿಂದ ಕಂಡು, ಒಳಗೆ ಹೋಗದೆ ನನ್ನ ಅಂಗಡಿಗೆ ಬಂದು, ಪಕ್ಕದಲ್ಲಿ ಏನೋ ಜಗಳವಾಗುತ್ತಿರುವಂತಿದೆ ಎಂದು ಪಿಸುಗುಟ್ಟಿದರು.

ಮಕ್ಕಳು ಮಾತು ಕೇಳಿದರು. ಸೀಟಕ್ಕನ ದನಿ ಸಣ್ಣದು. ಏನು ಹೇಳುತ್ತಿದ್ದಾರೆ ಎಂದು ತಿಳಿಯಬೇಕಾದರೆ ಹನ್ನೆರಡು ಮಕ್ಕಳೂ ಬಾಯಿ ಮುಚ್ಚಬೇಕಾಗುತ್ತಿತ್ತು. ರೆಕ್ಸಿನ್ ಎಲ್ಲಿ ಸುಕ್ಕಾಗುತ್ತಿದೆ, ಎಲ್ಲಿ ಎಳೆತ ಜಾಸ್ತಿಯಾಗಿದೆ ಎಂದು ನೋಡಿ ನೋಡಿ ಪಳಗಿದ ಕಣ್ಣು ಅವರದು. ಯಾವ ಮಗು ಯಾವ ಕಾಲಿನ ಮೇಲೆ ಭಾರ ಬಿಡುತ್ತಿದೆ ಎಂಬುದು ಬೇಗ ಕಾಣುತ್ತಿತ್ತು. ಮೊದಲ ತಿಂಗಳು ಪೂರ್ತಿ ಅವರು ಕಲಿಸಿದ್ದು ಬೀಳುವುದನ್ನು. ಬೇರೆ ಯಾವ ಪಟ್ಟೂ ಇಲ್ಲ. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಗದ್ದ ಎದೆಗೆ ಒತ್ತಿಕೊಂಡು ಬೀಳು. ಕುಸ್ತಿ ಕಲಿಯಲು ಬಂದ ಮಗ ದಿನಾ ಬಿದ್ದು ಬರುತ್ತಾನಲ್ಲ ಎಂದು ಒಬ್ಬ ತಂದೆ ದೂರು ತಂದರು. ಇವರು ಆತನನ್ನೂ ಮ್ಯಾಟಿನ ಮೇಲೆ ಒಂದು ಸಲ ಬೀಳಿಸಿ ತೋರಿಸಿದ ಮೇಲೆ ಸುಮ್ಮನಾದರು.

ತೊಡಕಾದದ್ದು ಸ್ವಂತ ಮಗಳ ವಿಷಯದಲ್ಲಿ. ಕುಸ್ತಿಮನೆಯಲ್ಲಿ ಜಿಗಣೆ ‘ಅಮ್ಮ’ ಎಂದರೆ ಉಳಿದ ಮಕ್ಕಳು ಕಿಸಕ್ಕೆನ್ನುತ್ತಿದ್ದರು. ಅದಕ್ಕೆ ಅವಳೂ ಎಲ್ಲರಂತೆ ‘ಅಕ್ಕ’ ಎನ್ನತೊಡಗಿದಳು. ಅದು ನಾಲಗೆಗೆ ಹತ್ತಿಬಿಟ್ಟಿತು. ಒಂದು ದಿನ ಲಾರಿ ಭಾವ ಮನೆಯಲ್ಲಿದ್ದಾಗ ಬಚ್ಚಲಿನಿಂದ ‘ಅಕ್ಕಾ, ಟವೆಲ್ ಕೊಡು’ ಎಂದು ಕೂಗಿದಳು. ಭಾವ ಪೇಪರ್ ಕೆಳಗಿಟ್ಟು, ‘ಬೀದಿಗೆಲ್ಲ ಭಾವ ಆಗಿದ್ದು ಸಾಲ್ದೇನೆ, ಹೆತ್ತ ಮಗಳಿಗೂ ಭಾವ ಆಗ್ಬೇಕಾ ನಾನು?’ ಎಂದು ಹೆಂಡತಿಯನ್ನು ಕೇಳಿದರಂತೆ. ಆಮೇಲೆ ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡರು. ಕುಸ್ತಿಮನೆಯ ಮೆಟ್ಟಿಲಿನ ಆಚೆ ಅಕ್ಕ, ಈಚೆ ಅಮ್ಮ. ಅಡುಗೆಮನೆಯಲ್ಲಿ ಕುಸ್ತಿಯ ಮಾತು ಎತ್ತುವಂತಿಲ್ಲ.

ಹೆಸರಿನ ತೊಡಕು ಹಾಗೆ ಬಿಡಿಸಿದರೂ ಇನ್ನೊಂದು ಉಳಿಯಿತು. ಪಂದ್ಯಗಳಲ್ಲಿ ಮ್ಯಾಟಿನ ಎರಡು ಮೂಲೆಯಲ್ಲಿ ಎರಡು ಕುರ್ಚಿ ಹಾಕಿರುತ್ತಾರೆ. ಕೆಂಪು ಬಟ್ಟೆಯವರ ಕೋಚ್ ಒಂದರಲ್ಲಿ, ನೀಲಿಯವರ ಕೋಚ್ ಇನ್ನೊಂದರಲ್ಲಿ. ಬೇರೆ ಮಕ್ಕಳ ಹಿಂದೆ ಕೂತಾಗ ಸೀಟಕ್ಕ ಬೇಕಾದಷ್ಟೇ ಮಾತಾಡುವರು. ಮಗಳ ಹಿಂದೆ ಕೂತ ಮೊದಲ ಪಂದ್ಯದಲ್ಲಿ ಮಾತ್ರ ಒಂದೇ ಸಮನೆ ಹಿಡಿ ಎಂದರು, ಬಿಡು ಎಂದರು, ಕತ್ತು ಜೋಪಾನ ಎಂದರು. ಏನು ಹೇಳುತ್ತಿದ್ದಾಳೆ ಎಂದು ಮಗಳು ತಿರುಗಿ ನೋಡಿದಳು, ಅಷ್ಟರಲ್ಲಿ ಬೆನ್ನು ನೆಲಕ್ಕೆ ಹತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ, ಅಲ್ಲಿ ಅಮ್ಮ ಕೂತಿದ್ದಳೋ ಅಕ್ಕ ಕೂತಿದ್ದಳೋ ತನಗೆ ಗೊತ್ತಾಗಲಿಲ್ಲ ಎಂದು ಜಿಗಣೆ ಹೇಳಿದಳು. ಅಲ್ಲಿಂದ ಮುಂದೆ ಮಗಳ ಪಂದ್ಯ ಬಂತೆಂದರೆ ಸೀಟಕ್ಕ ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರತೊಡಗಿದರು.

ಮುಂದಿನ ವರ್ಷ, ಹುಡುಗಿಯರಿಗೆ ಹನ್ನೆರಡಾದಾಗ, ಸುತ್ತಲಿನ ಕ್ಲಬ್ಬುಗಳೆಲ್ಲ ಸೇರುವ ದೊಡ್ಡ ಪಂದ್ಯಾವಳಿ ನಡೆಯಿತು. ಅರ್ಜಿ, ವಯಸ್ಸಿನ ದಾಖಲೆ, ನಿಯಮದ ಹಾಳೆ ಎಲ್ಲ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಆಗಿದ್ದವು. ಆ ಸಲಿಗೆಯಲ್ಲಿ ನಾನೂ ಅಂಗಡಿ ಮುಚ್ಚಿ ಹೋದೆ. ಕೆಳಗೆ ಮ್ಯಾಟಿನ ಬಳಿ ಕೋಚ್ ಮತ್ತು ತಂದೆತಾಯಿಯರಿಗೆ ಮಾತ್ರ ಪ್ರವೇಶ. ನಾನು ಗ್ಯಾಲರಿಯಲ್ಲಿ ಕೂತೆ. ತಮ್ಮ ದಾರಿಯಲ್ಲೇ ಬರುವ ಊರಾದ್ದರಿಂದ ಲಾರಿ ಭಾವನೂ ಲಾರಿಯನ್ನು ಹೊರಗೆ ನಿಲ್ಲಿಸಿ ಬಂದಿದ್ದರು. ಬೇಕರಿಯವರಿಗೆ ಮಾತ್ರ ಅವತ್ತು ಯಾವುದೋ ಶಾಲೆಗೆ ಎಂಟುನೂರು ಬನ್ನು ಕೊಡಬೇಕಿತ್ತು, ಇಬ್ಬರೂ ಬಂದಿರಲಿಲ್ಲ.

ಜಿಗಣೆ ಎರಡು ಪಂದ್ಯ ಗೆದ್ದಳು. ಬೇಕರಿಯವರ ಮಗಳೂ ಎರಡು ಗೆದ್ದಳು. ಮಧ್ಯಾಹ್ನ ಪಟ್ಟಿ ಅಂಟಿಸಿದಾಗ ನೋಡಿದರೆ ಸೆಮಿಫೈನಲ್ಲಿನಲ್ಲಿ ಇಬ್ಬರಿಗೇ ಜೋಡಿ ಬಿದ್ದಿತ್ತು.

ಇಂಥ ಹೊತ್ತಿನಲ್ಲಿ ಕೋಚುಗಳು ಯಾರ ಕಡೆಯೂ ಕೂರದೆ ದೂರ ನಿಲ್ಲುವುದು ವಾಡಿಕೆ. ಆದರೆ ಹದಿಮೂರು ತುಂಬದ ಮಕ್ಕಳ ಹಿಂದಿನ ಕುರ್ಚಿ ಖಾಲಿ ಇದ್ದರೆ ಪಂದ್ಯ ಶುರು ಮಾಡುವಂತಿಲ್ಲ ಎಂದು ನಿಯಮದ ಹಾಳೆಯಲ್ಲಿತ್ತು. ಮೇಜಿನ ಬಳಿ ಕೂತಿದ್ದ ಅಧಿಕಾರಿ, ಬೇಗ ತೀರ್ಮಾನ ಮಾಡಿ ಎಂದರು. ಜಿಗಣೆ ಕೆಂಪು ಬಟ್ಟೆ ಹಾಕಿಕೊಂಡು ಅಪ್ಪನ ಪಕ್ಕ ನಿಂತಿದ್ದಳು. ನೀಲಿ ಬಟ್ಟೆಯ ಹುಡುಗಿ ಒಬ್ಬಳೇ ನಿಂತು, ಆಗಲೇ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಸೀಟಕ್ಕ ಇಬ್ಬರನ್ನೂ ನೋಡಿದರು. ನೀರಿನ ಬಾಟಲಿಯನ್ನು ಗಂಡನ ಕೈಗೆ ಕೊಟ್ಟರು.

‘ನೀವು ಇವಳ ಕಡೆ ಕೂತ್ಕೊಳ್ಳಿ.’

‘ನಂಗೇನೂ ಗೊತ್ತಿಲ್ವಲ್ಲೇ. ಏನ್ ಹೇಳ್ಲಿ?’

‘ಏನೂ ಹೇಳ್ಬೇಡಿ. ನೀರು ಕೊಡಿ ಸಾಕು.’

ಅಷ್ಟು ಹೇಳಿ ಹೋಗಿ ನೀಲಿ ಕುರ್ಚಿಯಲ್ಲಿ ಕೂತರು. ಕೂತವರು ಅಭ್ಯಾಸ ಬಲದಿಂದ ಒಂದು ಸಲ ಮೇಲೆ ಕೆಳಗೆ ಆಡಿದ್ದು ನನಗೆ ಗ್ಯಾಲರಿಯಿಂದಲೂ ಕಂಡಿತು.

ಮೊದಲ ಸುತ್ತಿನಲ್ಲಿ ಜಿಗಣೆ ತನ್ನ ಹಳೆಯ ಕಸುಬನ್ನೇ ತೋರಿಸಿದಳು. ಗೆಳತಿಯ ಬಲಗಾಲಿಗೆ ನುಗ್ಗಿ ತಬ್ಬಿದಳು, ಬಿಡಲಿಲ್ಲ, ಕೆಡವಿದಳು. ಎರಡು ಅಂಕ. ಸುತ್ತು ಮುಗಿದಾಗ ಎರಡು ಸೊನ್ನೆ. ನಡುವೆ ಮೂವತ್ತು ಸೆಕೆಂಡು ಬಿಡುವು. ಬೇಕರಿಯವರ ಮಗಳು ಏದುಸಿರು ಬಿಡುತ್ತ ಬಂದು ಕುರ್ಚಿಯ ಮುಂದೆ ಮಂಡಿಯೂರಿದಳು.

‘ಏನ್ ಮಾಡ್ಲಿ ಅಕ್ಕ?’

ಆ ಹೊತ್ತಿನ ಬಗ್ಗೆ ಸೀಟಕ್ಕ ಆಮೇಲೆ ನನಗೆ ಹೇಳಿದ್ದು ಇಷ್ಟು. ಮಗಳ ಪಂದ್ಯವನ್ನು ಅವರು ಯಾವತ್ತೂ ಅವಳ ಬೆನ್ನ ಹಿಂದಿನಿಂದಲೇ ನೋಡಿದ್ದು. ತಾವು ಕಲಿಸತೊಡಗಿದ ಮೇಲೆ ಕುಸ್ತಿಮನೆಯಲ್ಲೂ ಅಷ್ಟೇ, ಹಿಡಿಯಲು ಸಿಗುವಷ್ಟು ಹತ್ತಿರ, ಅವಳ ಹಿಂದೆಯೇ. ಅಲ್ಲಿಂದ ಅವರ ಕಣ್ಣಿಗೆ ಬೀಳುತ್ತಿದ್ದುದು ಅವಳ ಕತ್ತು ಮಾತ್ರ. ಕತ್ತು ಉಳುಕೀತೇ, ತಿರುಚೀತೇ ಎಂಬುದೊಂದೇ. ಅವತ್ತು ಮೊದಲ ಸಲ ಎದುರುಗಡೆ ಕೂತಿದ್ದರು. ಎರಡೇ ನಿಮಿಷದಲ್ಲಿ ಬೇರೆಯದೇ ಒಂದು ಕಂಡಿತು. ಕಾಲು ಹಿಡಿದ ಮೇಲೆ ಜಿಗಣೆಯ ಜೀವವೆಲ್ಲ ಕೈಗೆ ಬಂದುಬಿಡುತ್ತಿತ್ತು. ಎಡಗಾಲು ಹಿಂದೆ ಯಾರದೋ ಕಾಲಿನಂತೆ ಬಿದ್ದಿರುತ್ತಿತ್ತು. ಆ ಪಕ್ಕಕ್ಕೆ ಅವಳು ತಿರುಗಲಾರಳು. ಎದುರಾಳಿ ಅಲ್ಲಿಂದ ಸುತ್ತಿ ಬೆನ್ನ ಹಿಂದೆ ಹೋದರೆ ಮುಗಿಯಿತು.

ಹೇಳದೆ ಇರಬಹುದಿತ್ತು. ಧೈರ್ಯವಾಗಿ ಆಡು ಎಂದರೂ ಆಗುತ್ತಿತ್ತು. ಅದು ಸುಳ್ಳೂ ಅಲ್ಲ, ಉಪಯೋಗವೂ ಇಲ್ಲ. ಆದರೆ ಆ ಮಗು ಮುಖವೆತ್ತಿ ನೋಡುತ್ತಿತ್ತು. ಸೀಟಕ್ಕ ಬಗ್ಗಿ, ಟವೆಲಿನಲ್ಲಿ ಅವಳ ಹಣೆ ಒರೆಸುತ್ತ ಹೇಳಿದರು: ‘ಅವಳು ಕಾಲು ಹಿಡೀಲಿ ಬಿಡು. ಹಿಡಿದ ಮೇಲೆ ಅವಳ ಎಡಗಾಲು ಸತ್ತ ಹಾಗೆ ಇರುತ್ತೆ. ನೀನು ಸೊಂಟ ಹಿಂದಕ್ಕೆ ಎಳ್ಕೊಂಡು ಆ ಕಡೆಯಿಂದ ಸುತ್ತಿ ಹೋಗು.’

ಎರಡನೆಯ ಸುತ್ತಿನಲ್ಲಿ ಹಾಗೇ ಆಯಿತು. ಜಿಗಣೆ ನುಗ್ಗಿ ಕಾಲು ಹಿಡಿದಳು. ಗೆಳತಿ ಸೊಂಟ ಎಳೆದುಕೊಂಡು, ಎಡಗಡೆಯಿಂದ ಸುತ್ತಿ ಬೆನ್ನೇರಿದಳು. ಎರಡು ಎರಡು ಸ್ಕೋರು. ಕೊನೆಯ ಹತ್ತು ಸೆಕೆಂಡಿನಲ್ಲಿ ಗಾಬರಿಯಾಗಿದ್ದ ಜಿಗಣೆಯನ್ನು ಗೆರೆಯಾಚೆ ತಳ್ಳಿ ಇನ್ನೊಂದು ಅಂಕ ಪಡೆದಳು. ರೆಫರಿ ನೀಲಿ ಹುಡುಗಿಯ ಕೈ ಎತ್ತಿದರು.

ಪಂದ್ಯ ಮುಗಿದ ಮೇಲೆ ಆಟಗಾರರು ಎದುರಾಳಿಯ ಕೋಚಿನ ಕೈ ಕುಲುಕಬೇಕು. ಜಿಗಣೆ ಮ್ಯಾಟ್ ದಾಟಿ ಬಂದಳು. ಅಮ್ಮನ ಮುಂದೆ ನಿಂತು ಕೈ ಚಾಚಿದಳು. ಮುಖ ನೋಡಲಿಲ್ಲ. ‘ಥ್ಯಾಂಕ್ಸ್ ಅಕ್ಕ’ ಎಂದು ಹೇಳಿ ತಿರುಗಿ ಹೋದಳು. ಸೀಟಕ್ಕನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡೇ ಇತ್ತು.

ಮೂರನೆಯ ಸ್ಥಾನಕ್ಕೆ ಇನ್ನೊಂದು ಪಂದ್ಯವಿತ್ತು. ಸೀಟಕ್ಕ ಮಗಳ ಹಿಂದಿನ ಕುರ್ಚಿಯತ್ತ ಹೊರಟಾಗ ಜಿಗಣೆ, ಅಪ್ಪನೇ ಕೂರಲಿ ಎಂದಳು. ಅಪ್ಪ ಕೂತರು. ನೀರು ಕೊಟ್ಟರು. ಬಿಡುವಿನಲ್ಲಿ ಏನಾದರೂ ಹೇಳಬೇಕಲ್ಲ ಎಂದು, ಇಂಜಿನ್ ಬಿಸಿಯಾಗಿದೆ, ಸ್ವಲ್ಪ ನಿಧಾನಕ್ಕೆ ಹೋಗು ಎಂದರಂತೆ. ಅವಳು ಗೆದ್ದಳು. ಆಮೇಲೆ ಬಹಳ ದಿನ ಲಾರಿ ಭಾವ ದಾರಿಯ ಹೋಟೆಲುಗಳಲ್ಲೆಲ್ಲ, ಒಂದೇ ದಿನ ಕೋಚ್ ಆಗಿ ಒಂದು ಪದಕ ತಂದವನು ತಾನೊಬ್ಬನೇ ಎಂದು ಹೇಳಿಕೊಂಡು ಬಂದರು. ಬೇಕರಿಯವರ ಮಗಳು ಫೈನಲ್ಲಿನಲ್ಲಿ ಸೋತು ಎರಡನೆಯ ಸ್ಥಾನ ಪಡೆದಳು.

ಮನೆಗೆ ಬಂದ ಮೇಲೆ ತಾಯಿ ಮಗಳ ನಡುವೆ ಮಾತು ನಿಂತಿತು. ಜಗಳವೇನಿಲ್ಲ. ಊಟಕ್ಕೆ ಬಾ ಎಂದರೆ ಬರುವಳು, ಬ್ಯಾಗ್ ಎಲ್ಲಿ ಎಂದರೆ ತೋರಿಸುವಳು. ಅಷ್ಟೇ. ಭಾನುವಾರ ಸೀಟಕ್ಕ ಉಸ್ತಾದರ ಮನೆಗೆ ಹೋಗಿ ಎಲ್ಲ ಹೇಳಿದರು. ಉಸ್ತಾದರು ಮೀಸೆ ತೀಡಿಕೊಂಡು, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ಎಂದರಂತೆ. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ.

ಆರನೆಯ ದಿನವೋ ಏಳನೆಯ ದಿನವೋ ಒಂದು ಉದ್ದನೆಯ ಬಸ್ಸಿನ ಸೀಟು ಬಂತು. ಅದಕ್ಕೆ ರೆಕ್ಸಿನ್ ಹೊದಿಸಬೇಕಾದರೆ ಇಬ್ಬರು ಎರಡು ತುದಿ ಹಿಡಿದು ಎಳೆಯಬೇಕು. ಶಾಲೆಯಿಂದ ಬಂದ ಜಿಗಣೆ, ಯಾರೂ ಕರೆಯದೆಯೇ ಆ ತುದಿ ಹಿಡಿದಳು. ಇಬ್ಬರೂ ಎಳೆದರು. ಸೀಟಕ್ಕ ಮೊಳೆ ಹೊಡೆಯುತ್ತ ಬಂದರು. ನನ್ನ ಅಂಗಡಿಯ ಶಟರಿಗೆ ಹಾಕಲು ಎರಡು ಹನಿ ಎಣ್ಣೆ ಕೇಳಲು ನಾನು ಬಾಗಿಲಿಗೆ ಹೋದವನು ಅಲ್ಲೇ ನಿಂತೆ.

‘ನೀನೇ ಹೇಳಿದ್ದಾ ಅವಳಿಗೆ?’ ಎಂದಳು ಜಿಗಣೆ.

‘ಹೂಂ.’

‘ನನ್ನ ಕಾಲು ಹಾಗಿರುತ್ತೆ ಅಂತ ಗೊತ್ತಿದ್ರೆ ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?’

ಸೀಟಕ್ಕ ಸುತ್ತಿಗೆ ಕೆಳಗಿಟ್ಟರು. ‘ಗೊತ್ತಿರ್ಲಿಲ್ಲ ಕಣೆ. ಅವತ್ತು ಎದುರುಗಡೆ ಕೂತಾಗ್ಲೇ ಕಂಡಿದ್ದು. ನಿನ್ನ ಹಿಂದೆ ಕೂತ್ರೆ ನಂಗೆ ನಿನ್ನ ಕತ್ತು ಬಿಟ್ಟು ಏನೂ ಕಾಣಲ್ಲ.’

ಜಿಗಣೆ ರೆಕ್ಸಿನ್ನಿನ ತುದಿ ಬಿಡದೆ ನಿಂತಿದ್ದಳು. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ‘ಹಾಗಾದ್ರೆ ಇನ್ಮೇಲೆ ಕುಸ್ತಿಮನೇಲಿ ಎದುರುಗಡೆನೇ ಕೂತ್ಕೋ,’ ಎಂದಳು. ‘ನೀನು ಹಿಂದೆ ಇದ್ರೆ ನಂಗೂ ಭಯ ಆಗುತ್ತೆ. ನಿನ್ನ ಭಯ ನಂಗೆ ಹತ್ಕೊಳ್ಳುತ್ತೆ.’

ಸೀಟಕ್ಕ ಆಯಿತು ಎಂದರು. ಸುತ್ತಿಗೆ ಎತ್ತಿಕೊಂಡರು. ಎಣ್ಣೆಯ ವಿಷಯ ಕೇಳದೆ ನಾನು ವಾಪಸು ಬಂದೆ.

ಆಮೇಲೆ ಮೂರು ವಾರ ಆ ಎಡಗಾಲಿನದೇ ಪಾಠ. ಹಿಂದಿನ ಪಾದದ ಬೆರಳು ಮಡಿಸಿ ಮ್ಯಾಟಿಗೆ ಊರಬೇಕು, ಊರಿ ತಳ್ಳಬೇಕು. ಸೀಟಕ್ಕ ಎದುರಿನ ಗೋಡೆಗೆ ಬೆನ್ನು ಕೊಟ್ಟು ಕೂತು, ಕಾಲು ಎಂದಷ್ಟೇ ಹೇಳುವರು. ಮೆರೂನ್ ಕೈಯ ರೆಕ್ಸಿನ್ ಮನುಷ್ಯ ಆ ಮೂರು ವಾರದಲ್ಲಿ ಹೊಟ್ಟೆ ಒಡೆದು ಸ್ಪಂಜು ಕಕ್ಕಿದ. ಬೇಕರಿಯವರ ಮಗಳೇ ಜೋಡಿ; ಮೊದಲ ದಿನ ಅವಳು ಅಂಜುತ್ತ, ಒಂದು ಪೊಟ್ಟಣದ ತುಂಬ ಬಿಸಿ ರಸ್ಕು ತಂದು ಜಿಗಣೆಯ ಕೈಗೆ ಕೊಟ್ಟಳು. ಜಿಗಣೆ ತಿಂದು ಮುಗಿಸಿ, ಅವಳ ಕಾಲಿಗೇ ನುಗ್ಗಿದಳು. ಮರುವರ್ಷ ಅವರಿಬ್ಬರೂ ಮತ್ತೆ ಎದುರಾದಾಗ ಗೆದ್ದವಳು ಜಿಗಣೆ.

ಉಸ್ತಾದರು ಆಪರೇಷನ್ ಆದ ಎಂಟು ತಿಂಗಳಿಗೆ ಕೋಲಿಲ್ಲದೆ ನಡೆದು ಬಂದರು. ಒಂದು ಸಂಜೆ ಪೂರ್ತಿ ಬೆಂಚಿನ ಮೇಲೆ ಕೂತು ನೋಡಿದರು. ಸೀಟಕ್ಕ ಬೀಗದ ಕೈ ಮುಂದೆ ಹಿಡಿದರೆ, ಅದಕ್ಕೊಂದು ಗಟ್ಟಿ ದಾರ ಹಾಕಿಕೋ, ಕಳೆದು ಹೋದೀತು ಎಂದು ಹೇಳಿ ಮನೆಗೆ ಹೋದರು. ಆಮೇಲೂ ವಾರಕ್ಕೊಮ್ಮೆ ಬಂದು, ಮಕ್ಕಳಿಗೆ ತಮ್ಮ ಹಳೆಯ ಪಂದ್ಯಗಳ ಕತೆ ಹೇಳುತ್ತಿದ್ದರು. ಪ್ರತಿ ಸಲವೂ ಎದುರಾಳಿಯ ತೂಕ ಐದು ಕಿಲೋ ಜಾಸ್ತಿಯಾಗುತ್ತಿತ್ತು.

ಜಿಗಣೆ ಇನ್ನೂ ನಾಲ್ಕು ವರ್ಷ ಆಡಿದಳು. ಹದಿನಾರಾದಾಗ ಒಂದು ದಿನ ಶೆಡ್ಡಿಗೆ ಬಂದು, ಇನ್ನು ಸಾಕು ಎಂದಳು. ಪೆಟ್ಟಾಗಿರಲಿಲ್ಲ, ಸೋತಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ. ರಜೆಯಲ್ಲಿ ಅಪ್ಪನ ಜೊತೆ ಲಾರಿಯಲ್ಲಿ ಹೋಗಿ ಬಂದು ಬಂದು ಅವಳಿಗೆ ಇಂಜಿನ್ನಿನ ಹುಚ್ಚು ಹಿಡಿದಿತ್ತು. ಸಂಜೆ ಹೊತ್ತು ಮೆಕ್ಯಾನಿಕ್ ಕೆಲಸ ಕಲಿಸುವ ಶಾಲೆಗೆ ಸೇರಬೇಕೆಂದಳು. ಸೀಟಕ್ಕ ಒಳ್ಳೆಯದು ಎಂದರು. ಮರುದಿನ ಡ್ರೈವರ್ ಸೀಟಿನ ಕವರೊಂದನ್ನು ಒಳಗು ಹೊರಗಾಗಿ ಹೊಲಿದು, ಅರ್ಧ ದಿನ ಕೂತು ಬಿಚ್ಚಿದರು. ಹದಿನೈದು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

‘ಬೇಜಾರಾಯ್ತಾ ಅಮ್ಮ?’ ಎಂದು ಮಗಳು ಕೇಳಿದಳು.

‘ಆಯ್ತು,’ ಎಂದರು ಸೀಟಕ್ಕ. ‘ಆಗ್ದೆ ಇರುತ್ತಾ? ಎರಡು ದಿನ ಬೇಜಾರು ಮಾಡ್ಕೋತೀನಿ. ನೀನು ಹೋಗಿ ಫಾರಂ ತುಂಬು.’

ಅಂದು ಸಂಜೆ ಐದಕ್ಕೆ ಅವರು ಒಬ್ಬರೇ ಕುಸ್ತಿಮನೆಗೆ ಹೋಗುವುದನ್ನು ನೋಡಿದೆ. ಕೈಯಲ್ಲಿ ಬೀಗದ ಕೈ, ಹೆಗಲ ಮೇಲೆ ಟವೆಲು. ಅಲ್ಲಿ ಹದಿನೆಂಟು ಮಕ್ಕಳು ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದರು. ಮಗಳಿಲ್ಲದ ಮೇಲೂ ಹೋಗಬೇಕೇ ಎಂದು ಅವರು ಯೋಚಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಅದಾಗಿ ಹದಿಮೂರು ವರ್ಷವಾಯಿತು, ಅವರು ಈಗಲೂ ಹೋಗುತ್ತಾರೆ. ಬೇಕರಿಯವರ ಮಗಳು ದೂರದೂರದ ಪಂದ್ಯಗಳಿಗೆಲ್ಲ ಹೋಗಿ ಹೆಸರು ಮಾಡಿದಳು. ಜಿಗಣೆ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುತ್ತಾಳೆ. ತುಕ್ಕು ಹಿಡಿದ ಬೋಲ್ಟು ಯಾರ ಕೈಗೂ ಬಗ್ಗದಿದ್ದರೆ ಅವಳನ್ನೇ ಕರೆಯುತ್ತಾರಂತೆ.

ಮೊನ್ನೆ ಟೀ ಕುಡಿಯುವಾಗ ಸೀಟಕ್ಕನನ್ನು ಕೇಳಿದೆ, ಇಷ್ಟು ವರ್ಷ ಕಲಿಸಿದಿರಲ್ಲ, ನಿಮ್ಮ ಮಕ್ಕಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವರು ಯಾರು ಎಂದು. ಮಗಳ ಹೆಸರು ಹೇಳಬಹುದು, ಇಲ್ಲವೇ ಬೇಕರಿಯವರ ಮಗಳದು ಎಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

‘ಮೂರನೇ ವರ್ಷ ಒಬ್ಬ ದಪ್ಪ ಹುಡುಗ ಬರ್ತಿದ್ದ, ಕನ್ನಡಕದವನು. ನೆನಪಿದ್ಯಾ ಅಣ್ಣ? ಒಂದೂ ಗೆಲ್ಲಲಿಲ್ಲ ಪಾಪ. ಆದ್ರೆ ಎಷ್ಟು ಚೆನ್ನಾಗಿ ಬೀಳ್ತಿದ್ದ ಅಂದ್ರೆ, ನೋಡ್ತಾ ಕೂರೋಣ ಅನಿಸ್ತಿತ್ತು.’

ಹಾಗೆಂದು, ತಣ್ಣಗಾಗಿದ್ದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿ, ಕತ್ತರಿ ಹುಡುಕುತ್ತ ಒಳಗೆ ಹೋದರು.